ಎಂಟು ವರ್ಷ ಬಿಟ್ಟು ಮತ್ತೆ ಲಾರಿ ಹತ್ತಬೇಕು: ಡ್ರೈವರ್ ಕೆಲಸ ಈಗ ಎಲ್ಲಿ ಕೇಳಬೇಕು, ಹೇಗೆ ಕೇಳಬೇಕು?

ಪ್ರಶ್ನೆ: ನಾನು ಶಿರಾ ತಾಲ್ಲೂಕಿನವನು, ವಯಸ್ಸು 42. ಹದಿನೇಳನೇ ವಯಸ್ಸಿಗೆ ಕ್ಲೀನರ್ ಆಗಿ ಲಾರಿ ಹತ್ತಿದವನು. ಆಮೇಲೆ ಹತ್ತು ಚಕ್ರದ ಲಾರಿ ಓಡಿಸಿದೆ. ಪುಣೆ, ಮುಂಬೈ, ಚೆನ್ನೈ ಲೈನ್ ಎಲ್ಲಾ ಗೊತ್ತು. 2017ರ ಕೊನೆಯಲ್ಲಿ ಅಪ್ಪನಿಗೆ ಹುಷಾರಿಲ್ಲದೆ ಊರಿಗೆ ಬಂದು ತೋಟ ನೋಡಿಕೊಂಡೆ. ಈಗ ಬೋರ್ ಬತ್ತಿದೆ, ಮಗಳು ಪಿಯುಸಿಗೆ ಬಂದಿದ್ದಾಳೆ. ಮತ್ತೆ ಲಾರಿಗೆ ಹೋಗಬೇಕು. ಹಳೆಯ ಓನರ್ ಲಾರಿ ಮಾರಿಬಿಟ್ಟಿದ್ದಾರೆ. ಯಶವಂತಪುರ ಟ್ರಕ್ ಟರ್ಮಿನಲ್‌ನಲ್ಲಿ ಎರಡು ದಿನ ನಿಂತೆ, ಯಾರೂ ಮಾತಾಡಿಸಲಿಲ್ಲ. ಈಗ ಎಲ್ಲಾ ಮೊಬೈಲ್‌ನಲ್ಲೇ ಅಂತಾನೆ ಬಾಮೈದ. ಫೇಸ್‌ಬುಕ್‌ನಲ್ಲಿ ಒಬ್ಬರು 6,000 ಕಟ್ಟಿದರೆ ಕಂಪನಿ ಕೆಲಸ ಅಂದರು. ಇನ್ನೊಬ್ಬರು ಒಂದೂವರೆ ಲಕ್ಷಕ್ಕೆ ದುಬೈ ಅಂದರು. ನನ್ನ ಹೆವಿ ಲೈಸೆನ್ಸ್ ಅವಧಿ ಮುಗಿದು ಎರಡು ವರ್ಷ ಆಗಿದೆ. ಏನು ಮಾಡಲಿ?

ಉತ್ತರ: ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. ಆ 6,000 ಕಟ್ಟಬೇಡಿ. ದುಬೈನವರಿಗಂತೂ ಬೇಡವೇ ಬೇಡ, ಅದರ ವಿಷಯ ಕೊನೆಯಲ್ಲಿ ಹೇಳುತ್ತೇನೆ. ಯಶವಂತಪುರದಲ್ಲಿ ಯಾರೂ ಮಾತಾಡಿಸಲಿಲ್ಲ ಅಂತ ಮನಸ್ಸು ಸಣ್ಣದು ಮಾಡಿಕೊಳ್ಳಬೇಡಿ. ಆ ಜಾಗದಲ್ಲಿ ಈಗ ಲೋಡ್ ಹುಡುಕುವವರು ಇರುತ್ತಾರೆ, ಡ್ರೈವರ್ ಹುಡುಕುವವರು ಕಡಿಮೆ. ಹೆವಿ ಡ್ರೈವರ್ ಸಿಗದೆ ಲಾರಿಯನ್ನು ಶೆಡ್ಡಿನಲ್ಲಿ ನಿಲ್ಲಿಸಿಕೊಂಡ ಓನರ್‌ಗಳು ನನಗೆ ಇವತ್ತಿಗೂ ಫೋನ್ ಮಾಡುತ್ತಾರೆ. ಕೆಲಸ ಇದೆ. ಕೇಳುವ ದಾರಿ ಬದಲಾಗಿದೆ.

ನಾನು ಹುಬ್ಬಳ್ಳಿ ಮತ್ತು ಬೆಂಗಳೂರಿನ ಟ್ರಾನ್ಸ್‌ಪೋರ್ಟ್ ಆಫೀಸುಗಳಲ್ಲಿ 26 ವರ್ಷ ದುಡಿದವನು. ಅದರಲ್ಲಿ ಬಹುಪಾಲು ವರ್ಷ ಡ್ರೈವರ್ ಆರಿಸಿ ಗಾಡಿ ಕೀ ಕೊಡುವುದೇ ನನ್ನ ಕೆಲಸವಾಗಿತ್ತು. ಹಾಗಾಗಿ ಟೇಬಲ್ಲಿನ ಈ ಕಡೆ ಕೂತವರು ಏನು ನೋಡುತ್ತಾರೆ ಅನ್ನುವುದನ್ನು ಹೇಳಬಲ್ಲೆ.

ನೀವು ಬಿಟ್ಟುಹೋದ ಕಾಲ ನೆನಪಿಸಿಕೊಳ್ಳಿ. ಕೆಲಸ ಕೊಡಿಸುತ್ತಿದ್ದುದು ಒಬ್ಬರ ಬಾಯಿ ಮಾತು. ಟೀ ಅಂಗಡಿಯಲ್ಲಿ ಹಳೆಯ ಡ್ರೈವರ್ ಒಬ್ಬರು 'ನಮ್ಮ ಹುಡುಗ, ಗಾಡಿ ಚೆನ್ನಾಗಿ ಇಟ್ಕೋತಾನೆ' ಅಂದರೆ ಮುಗಿಯಿತು. ಓನರ್ ಪಕ್ಕದಲ್ಲಿ ಕೂತು ನೆಲಮಂಗಲದಿಂದ ತುಮಕೂರಿನವರೆಗೆ ಓಡಿಸಿ ನೋಡುತ್ತಿದ್ದರು. ಗೇರ್ ಹೇಗೆ ಹಾಕ್ತಾನೆ, ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡ್ತಾನಾ, ಇಳಿದ ಕೂಡಲೇ ಟೈರ್ ತಟ್ಟಿ ನೋಡ್ತಾನಾ ಅನ್ನುವುದೇ ಪರೀಕ್ಷೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಸಂಡೂರು, ಹೊಸಪೇಟೆ ಕಡೆಯ ಡ್ರೈವರ್‌ಗಳು ಗುಂಪು ಗುಂಪಾಗಿ ಹುಬ್ಬಳ್ಳಿಗೆ ಬಂದರು. ಅದಿರು ಲಾರಿ ಓಡಿಸಿದವರನ್ನು ಪರಿಚಯದ ಮೇಲೆಯೇ ತೆಗೆದುಕೊಂಡೆವು. ಯಾರ ಫೈಲನ್ನೂ ನಾವು ತೆರೆಯಲಿಲ್ಲ. ಲೈಸೆನ್ಸ್ ಒಂದನ್ನು ನೋಡಿದೆವು, ಅಷ್ಟೇ.

ಆ ಪದ್ಧತಿಯಲ್ಲಿ ಕೆಟ್ಟದ್ದೂ ಇತ್ತು, ಅದನ್ನು ಮರೆಯಬಾರದು. ಆಯುಧ ಪೂಜೆಗೆ ಮುಂಚೆ ಅಡ್ವಾನ್ಸ್ ಕೊಟ್ಟು, ಅದು ತೀರುವ ತನಕ ಡ್ರೈವರ್ ಬೇರೆ ಗಾಡಿ ಹತ್ತದ ಹಾಗೆ ಕಟ್ಟಿಹಾಕುತ್ತಿದ್ದರು. ಲೈಸೆನ್ಸ್ ಕಾರ್ಡನ್ನೇ ಓನರ್ ಬೀರುವಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಜಗಳವಾಡಿ ಬಿಟ್ಟರೆ ಆ ಲೈನಿನಲ್ಲೆಲ್ಲ ಹೆಸರು ಕೆಡಿಸುತ್ತಿದ್ದರು. ಹೆಸರೇ ಬಂಡವಾಳ ಆಗಿದ್ದಾಗ ಒಬ್ಬ ಓನರ್ ಸಿಟ್ಟು ಡ್ರೈವರ್‌ನ ಅನ್ನ ಕಿತ್ತುಕೊಳ್ಳಬಹುದಿತ್ತು.

ಬದಲಾವಣೆ ಶುರುವಾಗಿದ್ದು ನೀವು ಬಿಟ್ಟ ವರ್ಷವೇ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ರಾಜ್ಯಗಳ ಗಡಿಯಲ್ಲಿದ್ದ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟ್‌ಗಳು ಹೋದವು. ಮುಂಚೆ ಕಂಪನಿಗಳು ತೆರಿಗೆ ಲೆಕ್ಕಕ್ಕೆ ರಾಜ್ಯಕ್ಕೊಂದು ಗೋಡೌನ್ ಇಡುತ್ತಿದ್ದವು. ಈಗ ಆ ಸಣ್ಣ ಗೋಡೌನ್‌ಗಳನ್ನು ಸೇರಿಸಿ ಹೊಸಕೋಟೆ, ನೆಲಮಂಗಲ, ದಾಬಸ್‌ಪೇಟೆ ಸುತ್ತ ದೊಡ್ಡ ದೊಡ್ಡವು ಎದ್ದಿವೆ. ದಾಬಸ್‌ಪೇಟೆ, ನೆಲಮಂಗಲದವನ್ನು ನೀವು ಶಿರಾದಿಂದ ಬೆಂಗಳೂರಿಗೆ ಬರುವಾಗ ಹೆದ್ದಾರಿ ಪಕ್ಕದಲ್ಲೇ ನೋಡಿರುತ್ತೀರಿ. ಅಲ್ಲಿಗೆ ಬರುವುದು ದೊಡ್ಡ ಕಂಟೇನರ್. ಆ ಕಾಂಟ್ರಾಕ್ಟ್ ಹಿಡಿಯುವುದು ಹೆಚ್ಚಾಗಿ ಹತ್ತಾರು, ನೂರಾರು ಗಾಡಿ ಇರುವವರು. 2018ರ ಏಪ್ರಿಲ್ 1ರಿಂದ ಇ-ವೇ ಬಿಲ್, ಅಂದರೆ ಸರಕಿನ ಜೊತೆ ಇರಬೇಕಾದ, ಆನ್‌ಲೈನ್‌ನಲ್ಲಿ ಮಾಡಿಸುವ ಸಾಗಣೆ ಪತ್ರ. ಅದಕ್ಕೂ ಅವಧಿ ಇದೆ. ಸಾಮಾನ್ಯ ಸರಕಿಗೆ 200 ಕಿಲೋಮೀಟರಿಗೆ ಒಂದು ದಿನ. 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯ. ಟೋಲ್‌ಗೆ ಅಂತ ಡ್ರೈವರ್ ಕೈಲಿ ಇರುತ್ತಿದ್ದ ನೋಟಿನ ಕಟ್ಟು ಹೋಯಿತು. ಗಾಡಿ ಎಲ್ಲಿದೆ ಅನ್ನುವುದು ಆಫೀಸಿನ ಪರದೆ ಮೇಲೆ ಕಾಣುತ್ತದೆ.

ನಿಮ್ಮ ಬಾಮೈದ ಮೊಬೈಲ್ ಅಂದರು. ನಾನು ಗೇಟ್ ಅನ್ನುತ್ತೇನೆ. ದೊಡ್ಡ ಗೋಡೌನ್, ಸ್ಟೀಲ್ ಕಾರ್ಖಾನೆ, ಎಣ್ಣೆ ಡಿಪೋ, ಎಲ್ಲದರ ಗೇಟಿನಲ್ಲೂ ಒಂದು ಪಟ್ಟಿ ಇರುತ್ತದೆ. ಲೈಸೆನ್ಸ್ ಚಾಲ್ತಿಯಲ್ಲಿದೆಯಾ, ಆಧಾರ್ ಇದೆಯಾ, ಪೊಲೀಸ್ ವೆರಿಫಿಕೇಶನ್ ಆಗಿದೆಯಾ, ಕಣ್ಣಿನ ಪರೀಕ್ಷೆ ಆಗಿದೆಯಾ, ಶೂ ಹಾಕಿದ್ದಾನಾ. ಒಂದು ಕಾಗದ ಇಲ್ಲದಿದ್ದರೂ ಲೋಡ್ ತುಂಬಿದ ಲಾರಿ ಹೊರಗೇ ನಿಲ್ಲುತ್ತದೆ. ಎರಡೇ ಲಾರಿ ಇರುವ ಓನರ್ ಕೂಡ ತಮ್ಮ ಡ್ರೈವರ್‌ನ ಕಾಗದ ಕೇಳಲೇಬೇಕಾಗಿದೆ. ಅವರ ಗುಣ ಬದಲಾಗಿಲ್ಲ, ಗೇಟ್ ಕೇಳುತ್ತದೆ ಅಂತ ಅವರೂ ಕೇಳುತ್ತಾರೆ.

ಇದು ನನಗೆ ಒಂದು ಘಟನೆಯಿಂದ ಅರ್ಥವಾಯಿತು. 2020ರ ಲಾಕ್‌ಡೌನ್ ಸಡಿಲವಾದ ಮೇಲೆ ಬಾಗಲಕೋಟೆ ಕಡೆಯ ಒಬ್ಬರು ನಮ್ಮ ಆಫೀಸಿಗೆ ಬಂದರು. ಐವತ್ತರ ಹತ್ತಿರದ ವಯಸ್ಸು. ಹದಿನಾಲ್ಕು ವರ್ಷ ಒಬ್ಬರೇ ಓನರ್ ಬಳಿ ಓಡಿಸಿದವರು. ಆ ಓನರ್ ತೀರಿಕೊಂಡಿದ್ದರು, ಮಕ್ಕಳು ಗಾಡಿ ಮಾರಿದ್ದರು. ನಾನೇ ಅವರ ಜೊತೆ ಗಾಡಿಯಲ್ಲಿ ಕೂತು ಬಂದೆ. ಹೆಣ್ಣುಮಗುವನ್ನು ಎತ್ತಿಕೊಂಡಷ್ಟು ನಾಜೂಕಾಗಿ ಓಡಿಸಿದರು. ಆದರೆ ನಮ್ಮ ಗಿರಾಕಿ ಕಂಪನಿಗೆ ಹಿಂದಿನ ಐದು ವರ್ಷದ ಅನುಭವ ಪತ್ರ ಬೇಕಿತ್ತು, ಫೋನ್ ಮಾಡಿ ಕೇಳಲು ಇಬ್ಬರ ಹೆಸರು ಬೇಕಿತ್ತು. ಅವರ ಹತ್ತಿರ ಒಂದು ಟ್ರಿಪ್ ಶೀಟೂ ಇರಲಿಲ್ಲ. ಮೂರು ದಿನ ನಮ್ಮ ಶೆಡ್ಡಿನಲ್ಲೇ ಮಲಗಿದ್ದು ವಾಪಸ್ ಹೋದರು. ಅದೇ ವಾರ ನಾನು 26 ವರ್ಷದ ಒಬ್ಬ ಹುಡುಗನಿಗೆ ಕೀ ಕೊಟ್ಟೆ. ಅವನ ಫೈಲ್ ಸರಿಯಾಗಿತ್ತು. ಗಾಡಿ ರಿವರ್ಸ್ ತೆಗೆಯಲು ಅವನಿಗೆ ಸರಿಯಾಗಿ ಬರುತ್ತಿರಲಿಲ್ಲ. ಈ ವಿಷಯದಲ್ಲಿ ನನಗೆ ಈಗಲೂ ನೋವಿದೆ. ಅದಕ್ಕೇ ನಿಮಗೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಿಮ್ಮ ಪರಿಸ್ಥಿತಿ ಅವರದ್ದಕ್ಕಿಂತ ಚೆನ್ನಾಗಿದೆ. ನಿಮ್ಮ ಓನರ್ ಲಾರಿ ಮಾರಿದ್ದಾರೆ, ಆದರೆ ಮನುಷ್ಯ ಇದ್ದಾರಲ್ವಾ? ಅವರ ಮನೆಗೆ ಹೋಗಿ. ಇಂಥ ವರ್ಷದಿಂದ ಇಂಥ ವರ್ಷದ ತನಕ, ಇಂಥ ನಂಬರಿನ ಹತ್ತು ಚಕ್ರದ ಲಾರಿಯನ್ನು, ಇಂಥ ಲೈನಿನಲ್ಲಿ ಓಡಿಸಿದ್ದಾರೆ ಅಂತ ಒಂದು ಪತ್ರ ಬರೆಸಿಕೊಳ್ಳಿ. ಕೆಳಗೆ ಅವರ ಸಹಿ, ಫೋನ್ ನಂಬರ್. ನೀವು ಮಾಲು ಇಳಿಸುತ್ತಿದ್ದ ಟ್ರಾನ್ಸ್‌ಪೋರ್ಟ್ ಆಫೀಸಿನ ಸೂಪರ್‌ವೈಸರ್ ಯಾರಾದರೂ ಇನ್ನೂ ಕೆಲಸದಲ್ಲಿದ್ದರೆ ಅವರ ನಂಬರನ್ನೂ ಕೇಳಿ ಇಟ್ಟುಕೊಳ್ಳಿ. ಮನೆಯಲ್ಲಿ ಹಳೆಯ ಟ್ರಿಪ್ ಶೀಟ್, ಎಲ್‌ಆರ್ (ಲಾರಿ ರಸೀದಿ) ಪ್ರತಿ, ಲಾರಿ ಮುಂದೆ ನಿಂತ ಫೋಟೊ ಏನಾದರೂ ಇದ್ದರೆ ಬಿಸಾಡಬೇಡಿ. ಇದೆಲ್ಲ ಸೇರಿ ಒಂದು ಹಾಳೆಯಲ್ಲಿ ಬರೆಯಿರಿ. ಮಗಳಿಗೆ ಹೇಳಿ, ಅವಳು ಮೊಬೈಲ್‌ನಲ್ಲೇ ಟೈಪ್ ಮಾಡಿ ಕೊಡುತ್ತಾಳೆ. ಇಂಗ್ಲಿಷಿನಲ್ಲೇ ಇರಬೇಕು ಅಂತೇನಿಲ್ಲ.

ಇನ್ನು ಲೈಸೆನ್ಸ್. ಇದು ಮೊದಲ ಕೆಲಸ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಟ್ರಾನ್ಸ್‌ಪೋರ್ಟ್ ಲೈಸೆನ್ಸ್ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ, ಅದು ಒಳ್ಳೆಯದಾಯಿತು. ಆದರೆ ಮುಂಚೆ ಅವಧಿ ಮುಗಿದ ಮೇಲೂ 30 ದಿನ ನಡೆಯುತ್ತಿತ್ತು. ಆ ರಿಯಾಯಿತಿಯನ್ನು ಅದೇ ತಿದ್ದುಪಡಿಯಲ್ಲಿ ತೆಗೆದರು. ಅವಧಿ ಮುಗಿದು ಒಂದು ವರ್ಷ ದಾಟಿದರೆ ಸುಮ್ನೆ ಫೀಸ್ ಕಟ್ಟಿ ನವೀಕರಿಸಲು ಆಗುವುದಿಲ್ಲ. ಮತ್ತೆ ಡ್ರೈವಿಂಗ್ ಟೆಸ್ಟ್ ಕೊಡಬೇಕು. ನಿಮ್ಮದು ಎರಡು ವರ್ಷ ಆಗಿದೆ ಅಂದಮೇಲೆ ಟೆಸ್ಟ್ ಇದ್ದೇ ಇದೆ. ಲೈಸೆನ್ಸ್‌ಗೆ ಇರುವ ಸರ್ಕಾರಿ ವೆಬ್‌ಸೈಟ್ ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಡಾಕ್ಟರ್ ಕೈಲಿ ಫಾರ್ಮ್ 1ಎ, ಅಂದರೆ ವೈದ್ಯಕೀಯ ಪ್ರಮಾಣಪತ್ರ ಮಾಡಿಸಿ. ಲೈಸೆನ್ಸ್ ಕೈಗೆ ಬರುವ ತನಕ ಯಾರು ಎಷ್ಟೇ ಒತ್ತಾಯ ಮಾಡಿದರೂ ಹೈವೇಯಲ್ಲಿ ಸ್ಟೇರಿಂಗ್ ಮುಟ್ಟಬೇಡಿ. ಅವಧಿ ಮುಗಿದ ಲೈಸೆನ್ಸ್‌ನಲ್ಲಿ ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ಅದನ್ನೇ ಹಿಡಿದುಕೊಳ್ಳುತ್ತದೆ. ಮುಂದಿನ ಸಲಕ್ಕೆ ನೆನಪಿಡಿ: ಅವಧಿ ಮುಗಿಯುವ ಒಂದು ವರ್ಷ ಮುಂಚೆಯೇ ನವೀಕರಣಕ್ಕೆ ಅರ್ಜಿ ಹಾಕಬಹುದು.

ಡಾಕ್ಟರ್ ಹತ್ತಿರ ಹೋಗುವ ಮುಂಚೆ ಕಣ್ಣು ತೋರಿಸಿ. ನಲವತ್ತು ದಾಟಿದ ಡ್ರೈವರ್‌ಗಳಲ್ಲಿ ಎಷ್ಟೋ ಜನರಿಗೆ ತಮ್ಮ ದೃಷ್ಟಿ ಮಂಜಾಗಿರುವುದು ಕಂಪನಿ ಪರೀಕ್ಷೆಯಲ್ಲೇ ಮೊದಲ ಸಲ ಗೊತ್ತಾಗುತ್ತದೆ. ಕನ್ನಡಕ ಹಾಕಿಕೊಂಡು ಬಂದವರನ್ನು ನಾನು ಯಾವತ್ತೂ ವಾಪಸ್ ಕಳಿಸಿಲ್ಲ. ಕನ್ನಡಕ ಬೇಕಿದ್ದೂ ಹಾಕದೆ ಬಂದವರನ್ನು ಕಳಿಸಿದ್ದೇನೆ. ಶುಗರ್ ಇದ್ದರೆ ಅದನ್ನೂ ಪರೀಕ್ಷೆ ಮಾಡಿಸಿ ಇಟ್ಟುಕೊಳ್ಳಿ.

ನೀವು ಎಷ್ಟನೇ ತರಗತಿ ಓದಿದ್ದೀರಿ ಅಂತ ಬರೆದಿಲ್ಲ. ಟ್ರಾನ್ಸ್‌ಪೋರ್ಟ್ ಲೈಸೆನ್ಸ್‌ಗೆ ಎಂಟನೇ ತರಗತಿ ಪಾಸಾಗಿರಬೇಕು ಅನ್ನುವ ನಿಯಮವನ್ನು 2019ರಲ್ಲೇ ಕೇಂದ್ರ ಸರ್ಕಾರ ತೆಗೆದಿದೆ. ಕೆಲವು ಕಂಪನಿಗಳು ತಮ್ಮ ಲೆಕ್ಕಕ್ಕೆ ಮಾರ್ಕ್ಸ್ ಕಾರ್ಡ್ ಕೇಳುತ್ತವೆ, ಅದು ಬೇರೆ ವಿಷಯ.

ಗಾಡಿಗಳೂ ಬದಲಾಗಿವೆ. ಹೊಗೆ ನಿಯಮದ ಲೆಕ್ಕದಲ್ಲಿ ನೀವು ಓಡಿಸಿದ್ದು ಬಿಎಸ್-3 ಅಥವಾ ಬಿಎಸ್-4 ಇರಬೇಕು. 2020ರ ಏಪ್ರಿಲ್‌ನಿಂದ ಬರುವುದೆಲ್ಲ ಬಿಎಸ್-6. ಡೀಸೆಲ್ ಟ್ಯಾಂಕ್ ಜೊತೆಗೆ ಯೂರಿಯಾ ದ್ರಾವಣಕ್ಕೆ ಬೇರೆ ಟ್ಯಾಂಕ್ ಇರುತ್ತದೆ. ಡಿಇಎಫ್ ಅಂತಾರೆ, ಆ್ಯಡ್‌ಬ್ಲೂ ಅಂತಲೂ ಅಂತಾರೆ. ಅದು ಖಾಲಿಯಾದರೆ ಎಂಜಿನ್ ಎಳೆಯುವುದಿಲ್ಲ. ಡ್ಯಾಶ್‌ಬೋರ್ಡ್‌ನಲ್ಲಿ ಬರುವ ದೀಪಗಳ ಅರ್ಥ ಗೊತ್ತಿರಬೇಕು. ಮುಂಚೆ ದಾರಿಯಲ್ಲಿ ಕೆಟ್ಟರೆ ಸ್ಪ್ಯಾನರ್ ಹಿಡಿದು ಕೆಳಗೆ ನುಗ್ಗುತ್ತಿದ್ದಿರಿ. ಈಗ ಸೆನ್ಸರ್ ಜಾಸ್ತಿ, ಕಂಪನಿಗೆ ಫೋನ್ ಮಾಡಬೇಕು. ಎಷ್ಟು ಸಲ ಜೋರಾಗಿ ಬ್ರೇಕ್ ಹೊಡೆದಿರಿ, ಎಷ್ಟು ಹೊತ್ತು ಸುಮ್ನೆ ಎಂಜಿನ್ ಓಡಿಸಿದಿರಿ ಅನ್ನುವುದನ್ನು ಗಾಡಿಯೇ ಬರೆದುಕೊಳ್ಳುತ್ತದೆ. ಹಳೆಯ ಡ್ರೈವರ್‌ಗಳು ಇದಕ್ಕೆ ಹೆದರುತ್ತಾರೆ. ನನ್ನ ಅನುಭವದಲ್ಲಿ ಇದು ನಿಮ್ಮಂಥವರಿಗೇ ಲಾಭ. ಚೆನ್ನಾಗಿ ಓಡಿಸುವವರ ಬಗ್ಗೆ ಮೊದಲ ಸಲ ಯಾರ ಬಾಯಿಯನ್ನೂ ಕಾಯದ ಸಾಕ್ಷಿ ಸಿಕ್ಕಿದೆ. ಒಂದು ಖುಷಿಯ ವಿಷಯವೂ ಇದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ 3.5 ಟನ್‌ಗಿಂತ ಹೆಚ್ಚು ತೂಕದ ಲಾರಿಗಳ ಕ್ಯಾಬಿನ್‌ನಲ್ಲಿ ಎಸಿ ಕಡ್ಡಾಯ. ಸೋಲಾಪುರ ದಾರಿಯ ಮೇ ತಿಂಗಳ ಬಿಸಿಲು ನಿಮಗೆ ನೆನಪಿರಬೇಕು.

ಲೈಸೆನ್ಸ್ ಬಂದ ಮೇಲೆ ಪರಿಚಯದ ಡ್ರೈವರ್ ಜೊತೆ ಬಿಎಸ್-6 ಗಾಡಿಯಲ್ಲಿ ಸೆಕೆಂಡ್ ಡ್ರೈವರ್ ಆಗಿ ಒಂದೆರಡು ಟ್ರಿಪ್ ಹೋಗಿ ಬನ್ನಿ, ಓನರ್ ಒಪ್ಪಿಗೆ ಪಡೆದೇ ಹೋಗಿ. ಅದು ಯಾವ ಕ್ಲಾಸಿಗಿಂತಲೂ ಒಳ್ಳೆಯದು.

ಈಗ ಎಲ್ಲಿ ಕೇಳಬೇಕು ಅನ್ನುವುದಕ್ಕೆ ಬರೋಣ. ಬಾಮೈದ ಹೇಳುವ ಆ್ಯಪ್‌ಗಳಲ್ಲಿ ಎರಡು ಜಾತಿ ಇವೆ, ಜನ ಎರಡನ್ನೂ ಕಲಸಿಬಿಡುತ್ತಾರೆ. ಬೆಂಗಳೂರಿನಲ್ಲೇ 2015ರಲ್ಲಿ ಹುಟ್ಟಿದ ಬ್ಲ್ಯಾಕ್‌ಬಕ್‌ನಂಥವು ಲಾರಿಗೆ ಲೋಡ್ ಹುಡುಕಿಕೊಡಲು, ಫಾಸ್ಟ್ಯಾಗ್, ಜಿಪಿಎಸ್ ನೋಡಿಕೊಳ್ಳಲು ಇರುವಂಥವು. ಅವು ಗಾಡಿ ಇರುವವರಿಗೆ. ನಿಮಗೆ ಬೇಕಾದ್ದು ಕೆಲಸದ ಆ್ಯಪ್. ಅಪ್ನಾ, ವರ್ಕ್‌ಇಂಡಿಯಾದಂಥ ಕಡೆ ಡ್ರೈವರ್ ಕೆಲಸಗಳೂ ಬರುತ್ತವೆ. ಕೇಂದ್ರ ಸರ್ಕಾರದ ನ್ಯಾಷನಲ್ ಕೆರಿಯರ್ ಸರ್ವಿಸ್ ಪೋರ್ಟಲ್ ಇದೆ, ಅದರಲ್ಲಿ ಹೆಸರು ನೋಂದಾಯಿಸಲು ದುಡ್ಡಿಲ್ಲ. ಹೆಸರು ಹಾಕಿಡಿ, ನಷ್ಟವಿಲ್ಲ. ಆದರೆ ಆ್ಯಪ್‌ನಲ್ಲಿ ಕಾಣುವುದು ಹೆಚ್ಚಾಗಿ ಸಿಟಿಯೊಳಗಿನ ಪಿಕಪ್, ಟಾಟಾ ಏಸ್, ಕಾರ್ ಡ್ರೈವರ್ ಕೆಲಸ. ಹೆವಿ ಕೆಲಸ ಈಗಲೂ ಮನುಷ್ಯರ ಮೂಲಕವೇ ಜಾಸ್ತಿ ಸಿಗುತ್ತದೆ, ಲೈನಿನ ಡ್ರೈವರ್‌ಗಳ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ. ಟೀ ಅಂಗಡಿ ಫೋನಿನೊಳಗೆ ಹೋಗಿದೆ ಅಂದುಕೊಳ್ಳಿ. ನಿಮ್ಮ ಜೊತೆ ಓಡಿಸುತ್ತಿದ್ದವರಲ್ಲಿ ಇನ್ನೂ ಲಾರಿಯಲ್ಲಿರುವ ಇಬ್ಬರಿಗೆ ಫೋನ್ ಮಾಡಿ, ಗ್ರೂಪಿಗೆ ಸೇರಿಸಿ ಅಂತ ಕೇಳಿ. ನಿಮ್ಮ ಪತ್ರ, ಒಂದು ಹಾಳೆಯ ವಿವರ ಅಲ್ಲಿ ಉಪಯೋಗಕ್ಕೆ ಬರುತ್ತದೆ. ಲೈಸೆನ್ಸ್, ಆಧಾರ್ ಫೋಟೊ ಮಾತ್ರ ಗ್ರೂಪಿನಲ್ಲಿ ಹಾಕಬೇಡಿ. ಕೆಲಸ ಕೊಡುವವರು ಯಾರು ಅಂತ ಖಚಿತವಾದ ಮೇಲೆ ಅವರೊಬ್ಬರಿಗೇ ಕಳಿಸಿ.

ಎರಡನೆಯ ದಾರಿ, ನೇರವಾಗಿ ಗಾಡಿ ನಿಲ್ಲುವ ಜಾಗಕ್ಕೆ ಹೋಗುವುದು. ಸ್ವಂತ ಗಾಡಿ ಇಟ್ಟು ಡ್ರೈವರ್‌ಗಳನ್ನು ತಾವೇ ನೇಮಿಸಿಕೊಳ್ಳುವ ಕಂಪನಿಗಳಿವೆ. ವಿಜಯ ಸಂಕೇಶ್ವರ ಅವರು 1976ರಲ್ಲಿ ಗದಗಿನಲ್ಲಿ ಒಂದು ಲಾರಿಯಿಂದ ಶುರುಮಾಡಿದ ವಿಆರ್‌ಎಲ್ ಇವತ್ತು ಹುಬ್ಬಳ್ಳಿ ಹತ್ತಿರದ ವರೂರಿನಲ್ಲಿ ಕೂತು ಸಾವಿರಾರು ಗಾಡಿ ನಡೆಸುತ್ತಿದೆ. ಇಂಥ ಕಡೆ ಹೋಗುವಾಗ ಯಶವಂತಪುರದಲ್ಲಿ ನಿಂತ ಹಾಗೆ ರಸ್ತೆಬದಿ ನಿಲ್ಲಬೇಡಿ. ಫೈಲ್ ಹಿಡಿದು ಆಫೀಸಿಗೆ ಹೋಗಿ, ಫ್ಲೀಟ್ ನೋಡಿಕೊಳ್ಳುವವರನ್ನು ಕೇಳಿ. ಬೆಳಿಗ್ಗೆ ಹೊತ್ತು ಬೇಡ, ಗಾಡಿ ಬಿಡುವ ಗಡಿಬಿಡಿ ಇರುತ್ತದೆ. ಮಧ್ಯಾಹ್ನ ಊಟದ ನಂತರ ಹೋದರೆ ಕೂತು ಮಾತಾಡುತ್ತಾರೆ.

ನಿಮಗೆ ಯಾವ ಕೆಲಸ ಸರಿ? ಮಗಳು ಪಿಯುಸಿ ಅಂದಿರಿ. ನಾನು ನಿಮ್ಮ ಜಾಗದಲ್ಲಿದ್ದರೆ ಲಾಂಗ್ ಲೈನಿಗೆ ಮೊದಲೇ ಹೋಗುತ್ತಿರಲಿಲ್ಲ. ಪೆಟ್ರೋಲ್, ಡೀಸೆಲ್ ಟ್ಯಾಂಕರ್ ಕೆಲಸವನ್ನು ಯೋಚಿಸಿ. ಹೊಸಕೋಟೆ ಹತ್ತಿರ ದೇವನಗೊಂದಿಯಲ್ಲಿ ಡಿಪೋ ಇದೆ. ಅಲ್ಲಿಂದ ಬಂಕುಗಳಿಗೆ ಹೋಗಿ ಬರುವ ಟ್ರಿಪ್‌ಗಳಲ್ಲಿ ಎಷ್ಟೋ ಅದೇ ದಿನ ಮುಗಿಯುವಂಥವು. ಅದಕ್ಕೆ ಅಪಾಯಕಾರಿ ಸರಕು ಸಾಗಣೆಯ 3 ದಿನದ ತರಬೇತಿ ಮಾಡಿ ಲೈಸೆನ್ಸ್‌ನಲ್ಲಿ ನಮೂದು ಮಾಡಿಸಬೇಕು. ಕನ್ನಡದ ಜೊತೆ ಇಂಗ್ಲಿಷ್ ಓದಲು ಬರೆಯಲು ಬರಬೇಕು ಅನ್ನುವುದು ನಿಯಮ. ಆ ನಮೂದಿನ ಅವಧಿ ಈಗ 3 ವರ್ಷ. ಈ ನಮೂದು ಇರುವ ಡ್ರೈವರ್‌ಗಳು ಕಡಿಮೆ, ಹಾಗಾಗಿ ನಿಮ್ಮ ಮಾತಿಗೆ ತೂಕ ಇರುತ್ತದೆ. ಕೆಲಸದಲ್ಲಿ ಶಿಸ್ತು ಜಾಸ್ತಿ, ಬೀಡಿ ಸಿಗರೇಟಿನ ಅಭ್ಯಾಸ ಇದ್ದರೆ ಕಷ್ಟ.

ಅದು ಆಗದಿದ್ದರೆ ಡ್ರೈವರ್ ಬದಲಾಯಿಸಿಕೊಂಡು ಓಡಿಸುವ ಕಂಪನಿ ಸಿಗುತ್ತದಾ ನೋಡಿ. 2014ರಲ್ಲಿ ಶುರುವಾದ ರಿವಿಗೊ ಅನ್ನುವ ಕಂಪನಿ ಇದನ್ನು ದೊಡ್ಡದಾಗಿ ಮಾಡಿ ತೋರಿಸಿತು. ನಾಲ್ಕೈದು ಗಂಟೆ ಓಡಿಸಿ, ಒಂದು ಪಿಟ್‌ಸ್ಟಾಪ್‌ನಲ್ಲಿ ಗಾಡಿಯನ್ನು ಇನ್ನೊಬ್ಬರಿಗೆ ಒಪ್ಪಿಸಿ, ಬೇರೆ ಗಾಡಿಯಲ್ಲಿ ವಾಪಸ್ ಬರುವುದು. ರಾತ್ರಿ ಮನೆ. ಆ ಕಂಪನಿಯ ಎಕ್ಸ್‌ಪ್ರೆಸ್ ವ್ಯವಹಾರವನ್ನು 2022ರಲ್ಲಿ ಮಹೀಂದ್ರ ಲಾಜಿಸ್ಟಿಕ್ಸ್ ಕೊಂಡುಕೊಂಡಿತು. ಪದ್ಧತಿ ಎಲ್ಲ ಕಡೆ ಹರಡಲಿಲ್ಲ. ಹರಡಬೇಕಿತ್ತು ಅಂತ ನನ್ನ ಆಸೆ, ಯಾಕಂದರೆ ಡ್ರೈವರ್ ಮಕ್ಕಳು ಈ ಕೆಲಸಕ್ಕೆ ಬರದಿರಲು ಮುಖ್ಯ ಕಾರಣ ಅಪ್ಪ ಮನೆಯಲ್ಲಿ ಇಲ್ಲದ್ದು.

ಇಲ್ಲೊಂದು ಮಾತು ಸೇರಿಸಬೇಕು. ಹೆವಿ ಡ್ರೈವರ್‌ಗಳು ಯಾಕೆ ಸಿಗುತ್ತಿಲ್ಲ? ನೀವು ಕ್ಲೀನರ್ ಆಗಿ ಬಂದಿರಿ. ಆ ಶಾಲೆಯೇ ಮುಚ್ಚುತ್ತಿದೆ. ಖರ್ಚು ಉಳಿಸಲು ಓನರ್‌ಗಳು ಕ್ಲೀನರ್ ಇಡುವುದನ್ನು ಬಿಟ್ಟರು. ಹುಡುಗರಿಗೂ ಬೇರೆ ದಾರಿ ಸಿಕ್ಕಿತು. ಕಾರಿನ ಲೈಸೆನ್ಸ್ ಇದ್ದರೆ 7,500 ಕೆಜಿ ಒಳಗಿನ ಗೂಡ್ಸ್ ಗಾಡಿಯನ್ನೂ ಓಡಿಸಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. 2024ರ ನವೆಂಬರ್‌ನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು. ಸಿಟಿಯಲ್ಲೇ ಸಣ್ಣ ಗಾಡಿ ಓಡಿಸಿ ರಾತ್ರಿ ಮನೆಗೆ ಹೋಗಬಹುದಾದಾಗ ಯಾವ ಹುಡುಗ ಶಿರಾಡಿ ಘಾಟಿಯಲ್ಲಿ ಮೂರು ದಿನ ಜಾಮ್‌ನಲ್ಲಿ ನಿಲ್ಲುತ್ತಾನೆ? 2024ರ ಜನವರಿಯಲ್ಲಿ ಅಪಘಾತ ಮಾಡಿ ಓಡಿಹೋದರೆ ಹತ್ತು ವರ್ಷದ ತನಕ ಜೈಲು ಅನ್ನುವ ಹೊಸ ವಿಧಿ ವಿರುದ್ಧ ದೇಶದ ತುಂಬ ಡ್ರೈವರ್‌ಗಳು ಮುಷ್ಕರ ಮಾಡಿದರು. ಅದೇ ವರ್ಷ ಜುಲೈ 1ಕ್ಕೆ ಹಳೆಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ತಂದಾಗ ಸರ್ಕಾರ ಆ ಉಪವಿಧಿಯನ್ನು ಹೊರಗಿಟ್ಟಿತು. ಆದರೂ ಆ ಭಯಕ್ಕೇ ಸ್ಟೇರಿಂಗ್ ಬಿಟ್ಟವರನ್ನು ನಾನು ಬಲ್ಲೆ.

ಇದನ್ನೆಲ್ಲ ಹೇಳಿದ್ದು ಯಾಕೆ ಅಂದರೆ, ನೀವು ಕೆಲಸ ಬೇಡಲು ಹೋಗುತ್ತಿಲ್ಲ. ಅವರಿಗೂ ನೀವು ಬೇಕು. ಅವರು ನಿಮ್ಮನ್ನು ಕೇಳಿದಷ್ಟೇ ನೀವೂ ಕೇಳಿ. ತಿಂಗಳ ಸಂಬಳವಾ, ಟ್ರಿಪ್ ಲೆಕ್ಕವಾ, ಕಿಲೋಮೀಟರ್ ಲೆಕ್ಕವಾ? ಬಾಟಾ (ದಾರಿಯ ದಿನಭತ್ಯೆ) ಬೇರೆಯಾ, ಅದರಲ್ಲೇ ಸೇರಿದೆಯಾ? ಲೋಡಿಂಗ್ ಪಾಯಿಂಟ್‌ನಲ್ಲಿ ಎರಡು ದಿನ ನಿಂತರೆ ಹಾಲ್ಟಿಂಗ್ ಕೊಡ್ತೀರಾ? ಮಾಲು ಕಡಿಮೆ ಬಂದರೆ, ಡೀಸೆಲ್ ಆವರೇಜ್ ಬೀಳದಿದ್ದರೆ ಯಾರ ತಲೆಗೆ? ಓವರ್‌ಲೋಡ್ ಕೇಸ್ ಬಿದ್ದರೆ ದಂಡ ಯಾರದ್ದು? ತಿಂಗಳಿಗೆ ಎಷ್ಟು ದಿನ ಊರಿಗೆ ಬಿಡ್ತೀರಾ? ಟೈರ್ ಪಂಕ್ಚರ್ ಖರ್ಚಿನ ತನಕ ಎಲ್ಲಾ ಮೊದಲೇ ಮಾತಾಡಿ. ಮಾತಾಡಿದ್ದನ್ನು ವಾಟ್ಸ್ಆ್ಯಪ್‌ನಲ್ಲಿ ಒಂದು ಮೆಸೇಜ್ ಹಾಕಿಬಿಡಿ, 'ಸಾರ್, ಇವತ್ತು ಮಾತಾಡಿದ ಪ್ರಕಾರ ಇಷ್ಟು' ಅಂತ. ಒಳ್ಳೆಯ ಓನರ್‌ಗೆ ಇದರಿಂದ ಬೇಜಾರಾಗುವುದಿಲ್ಲ.

ಮೋಟಾರು ಸಾರಿಗೆ ಕಾರ್ಮಿಕರಿಗೆ 1961ರಿಂದಲೇ ಒಂದು ಕಾಯ್ದೆ ಇತ್ತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ ಅದರಲ್ಲಿ ಬರೆದಿತ್ತು. ಲಾರಿ ಡ್ರೈವರ್‌ಗಳು ಅದರ ಹೆಸರೂ ಕೇಳಿರಲಿಲ್ಲ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಅದರಲ್ಲಿ ನೇಮಕಾತಿ ಪತ್ರ ಕೊಡುವುದು ಕಡ್ಡಾಯ. ಕಂಪನಿ ಕೆಲಸಕ್ಕೆ ಸೇರುವಾಗ ಆ ಪತ್ರ ಕೇಳಿ ಪಡೆಯಿರಿ. ಮುಂದೆ ಅದೇ ನಿಮ್ಮ ಅನುಭವ ಪತ್ರವೂ ಆಗುತ್ತದೆ. 20 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಪಿಎಫ್ ಕೇಳಿ, ಯುಎಎನ್ ಅನ್ನುವ ಪಿಎಫ್ ಗುರುತಿನ ನಂಬರ್ ಬರೆದಿಟ್ಟುಕೊಳ್ಳಿ. ಸಣ್ಣ ಓನರ್ ಬಳಿ ಸೇರಿದರೆ ಲಾರಿಯ ಇನ್ಶೂರೆನ್ಸ್ ಕಾಪಿ ನೋಡಿ, ಚಾಲ್ತಿಯಲ್ಲಿದೆಯಾ, ಡ್ರೈವರ್ ಕವರ್ ಇದೆಯಾ ಅಂತ. ನಮ್ಮ ರಾಜ್ಯದಲ್ಲಿ ಮೋಟಾರು ಸಾರಿಗೆ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ, ಕಾರ್ಮಿಕ ಇಲಾಖೆಯ ಕೆಳಗೆ. ಅಲ್ಲಿ ನೋಂದಣಿ ಮಾಡಿಸಿ. ಅಪಘಾತದಲ್ಲಿ ಜೀವ ಹೋದರೆ ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರ ಅದರಲ್ಲಿದೆ. ತುಮಕೂರಿನ ಕಾರ್ಮಿಕ ಇಲಾಖೆ ಕಚೇರಿಯಲ್ಲಿ ವಿಚಾರಿಸಿದರೆ ಯಾವ ಕಾಗದ ಬೇಕು ಅಂತ ಹೇಳುತ್ತಾರೆ.

ಲೈಸೆನ್ಸ್ ಮೂಲ ಕಾರ್ಡನ್ನು ಯಾರ ಕೈಗೂ ಇಟ್ಟುಕೊಳ್ಳಲು ಕೊಡಬೇಡಿ. ಸರ್ಕಾರದ ಡಿಜಿಲಾಕರ್ ಆ್ಯಪ್‌ನಲ್ಲಿ ಹಾಕಿಕೊಳ್ಳಿ, ಅದು ಪೊಲೀಸರ ಮುಂದೆಯೂ ನಡೆಯುತ್ತದೆ. ಖಾಲಿ ಹಾಳೆಗೆ, ಖಾಲಿ ಚೆಕ್‌ಗೆ ಸಹಿ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಈಗ ದುಡ್ಡು ಕೇಳಿದ ಇಬ್ಬರ ವಿಷಯ. ಡ್ರೈವರ್ ಸಿಗದೆ ಪರದಾಡುವ ಕಂಪನಿ ಡ್ರೈವರ್ ಹತ್ತಿರವೇ ಯಾಕೆ ದುಡ್ಡು ಕೇಳುತ್ತದೆ, ಯೋಚಿಸಿ. ರಿಜಿಸ್ಟ್ರೇಶನ್ ಫೀಸ್, ಯೂನಿಫಾರ್ಮ್, ಗೇಟ್ ಪಾಸ್ ಅಂತ ಮೊದಲು 500, ಆಮೇಲೆ 2,000, ಆಮೇಲೆ ಫೋನ್ ಸ್ವಿಚ್ ಆಫ್. ಇದು ದಿನಾ ನಡೆಯುತ್ತಿದೆ. ಈಗಾಗಲೇ ಏನಾದರೂ ಕಟ್ಟಿದ್ದರೆ ನಾಚಿಕೆ ಪಡದೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930 ನಂಬರಿಗೆ ಫೋನ್ ಮಾಡಿ.

ದುಬೈ ಕೆಲಸವೇ ಸುಳ್ಳು ಅಂತ ನಾನು ಹೇಳುತ್ತಿಲ್ಲ. ನಮ್ಮ ಕರಾವಳಿಯ ಎಷ್ಟೋ ಡ್ರೈವರ್‌ಗಳು ಗಲ್ಫ್‌ನಲ್ಲಿ ದುಡಿದು ಮನೆ ಕಟ್ಟಿದ್ದಾರೆ. ಆದರೆ ವಿದೇಶಕ್ಕೆ ಕಳಿಸುವ ಏಜೆಂಟ್ ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿರಬೇಕು. ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಹೆಸರು ಹಾಕಿ ನೋಡಬಹುದು. ಅವರು ನಿಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಅದಕ್ಕೆ ರಸೀದಿ ಕೊಡಬೇಕು. ಒಂದೂವರೆ ಲಕ್ಷ ಅಂದಾಗಲೇ ಉತ್ತರ ಸಿಕ್ಕಿತಲ್ವಾ? ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸೋಣ ಅಂದರೆ ಕೇಳಬೇಡಿ. ಇಲ್ಲಿಯ ಹೆವಿ ಲೈಸೆನ್ಸ್ ತೋರಿಸಿ ಅಲ್ಲಿ ಟ್ರೇಲರ್ ಹತ್ತಲು ಆಗುವುದಿಲ್ಲ, ದುಬೈನಲ್ಲಿ ತರಬೇತಿ, ಟೆಸ್ಟ್ ಎಲ್ಲಾ ಮತ್ತೆ ಇದೆ. ಅದರ ಖರ್ಚು ಯಾರದ್ದು, ಆ ತಿಂಗಳುಗಳ ಸಂಬಳ ಏನು ಅನ್ನುವುದು ಕರಾರಿನಲ್ಲಿ ಇರಬೇಕು. ಮಗಳ ಪಿಯುಸಿ ಮುಗಿಯುವ ತನಕವಂತೂ ಅದರ ಯೋಚನೆ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಹಾಗಾದರೆ ಈ ವಾರ ಕಣ್ಣು ತೋರಿಸಿ, ಸಾರಥಿಯಲ್ಲಿ ಅರ್ಜಿ ಹಾಕಿ. ಟೆಸ್ಟ್ ದಿನ ಸಿಗುವ ತನಕ ಕಾಯುವ ಹೊತ್ತಿನಲ್ಲಿ ಹಳೆಯ ಓನರ್ ಮನೆಗೆ ಹೋಗಿ ಬನ್ನಿ. ಒಂದು ಹಾಳೆ, ಒಂದು ಪೆನ್ನು ನೀವೇ ಜೇಬಿನಲ್ಲಿ ಇಟ್ಟುಕೊಂಡು ಹೋಗಿ. 'ಆಮೇಲೆ ಬರೆದು ಕಳಿಸ್ತೀನಿ ಬಿಡಪ್ಪ' ಅಂದರೆ, 'ಇಲ್ಲ ಅಣ್ಣ, ಕಾಫಿ ಕುಡಿಯುವಷ್ಟರಲ್ಲಿ ಆಗುತ್ತೆ' ಅಂತ ಅಲ್ಲೇ ಕೂತು ಬರೆಸಿಕೊಂಡೇ ಎದ್ದು ಬನ್ನಿ.